ವಯಸ್ಸು, ಸಿದ್ಧತೆ ಮತ್ತು ತರಗತಿ: ಒಂದು ಸಮೀಕ್ಷೆ

ಪ್ರಶ್ನೆಯ ಸ್ವರೂಪ

ಶಾಲೆ ಮಗುವಿನ ಬಗ್ಗೆ ಮೊದಲು ಕೇಳುವುದು ಹುಟ್ಟಿದ ದಿನಾಂಕವನ್ನು. ಆ ದಿನಾಂಕ ದಾಖಲಾತಿ ಪುಸ್ತಕಕ್ಕೆ ಏರಿದ ಮೇಲೆ ಮಗು ಯಾವ ತರಗತಿಯಲ್ಲಿ ಕೂರಬೇಕು, ಯಾವ ಪುಸ್ತಕ ಓದಬೇಕು, ಯಾವ ತಿಂಗಳಿಗೆ ಸಂಕಲನ ಮುಗಿಸಿ ವ್ಯವಕಲನಕ್ಕೆ ಹೋಗಬೇಕು ಎಂಬುದೆಲ್ಲ ಬಹುಮಟ್ಟಿಗೆ ತೀರ್ಮಾನವಾಗಿಬಿಡುತ್ತದೆ. ಈ ಏರ್ಪಾಡಿನ ಹಿಂದೆ ಒಂದೇ ವಯಸ್ಸಿನ ಮಕ್ಕಳು ಒಂದೇ ಪಾಠಕ್ಕೆ ಏಕಕಾಲದಲ್ಲಿ ಸಿದ್ಧರಾಗಿರುತ್ತಾರೆ ಎಂಬ ಎಣಿಕೆಯಿದೆ. ಒಂದನೇ ತರಗತಿಗೆ ಪಾಠ ಮಾಡಿದ ಯಾವ ಶಿಕ್ಷಕರೂ ಈ ಎಣಿಕೆಯನ್ನು ನಂಬಲಾರರು. ಅದೇ ಬೆಂಚಿನಲ್ಲಿ ಕುಳಿತ ಇಬ್ಬರಲ್ಲಿ ಒಬ್ಬರು ಕಥೆ ಓದುತ್ತಿದ್ದರೆ ಇನ್ನೊಬ್ಬರು ಬಳಪ ಹಿಡಿಯಲು ಕಲಿಯುತ್ತಿರುವುದು ಅವರಿಗೆ ದಿನನಿತ್ಯದ ಅನುಭವ.

ಇದಕ್ಕೆ ಪರ್ಯಾಯವಾಗಿ ಶಿಕ್ಷಣ ಚಿಂತಕರು ಮುಂದಿಟ್ಟಿರುವ ಕಲ್ಪನೆಯೇ ವಿಕಾಸಾತ್ಮಕ ಸಿದ್ಧತೆ. ಒಂದು ನಿರ್ದಿಷ್ಟ ವಿಷಯವನ್ನು ಅನಗತ್ಯ ಆಯಾಸವಿಲ್ಲದೆ, ಅರ್ಥಮಾಡಿಕೊಂಡು ಕಲಿಯಲು ಬೇಕಾದ ದೈಹಿಕ, ಭಾಷಿಕ, ಬೌದ್ಧಿಕ ಮತ್ತು ಭಾವನಾತ್ಮಕ ಸಾಮರ್ಥ್ಯಗಳು ಮಗುವಿನಲ್ಲಿ ಕೂಡಿಬಂದಿರುವ ಸ್ಥಿತಿಗೆ ಈ ಹೆಸರು. ವ್ಯಾಖ್ಯೆ ಸರಳವಾಗಿ ಕಂಡರೂ, ಈ ಸಿದ್ಧತೆ ಕಾಲ ಕಳೆದಂತೆ ಒಳಗಿನಿಂದ ತಾನಾಗಿ ಬರುವುದೇ ಅಥವಾ ಕಲಿಸುವುದರಿಂದ ಉಂಟಾಗುವುದೇ ಎಂಬ ವಿಚಾರದಲ್ಲಿ ಒಂದು ಶತಮಾನದಿಂದ ಭಿನ್ನಾಭಿಪ್ರಾಯವಿದೆ. ಮೊದಲನೆಯದನ್ನು ನಂಬಿದವರು ಕಾಯಬೇಕೆಂದರು, ಎರಡನೆಯದನ್ನು ನಂಬಿದವರು ಕಲಿಸುವ ಕ್ರಮವನ್ನು ಬದಲಿಸಬೇಕೆಂದರು. ಶಾಲೆಗೆ ಸೇರುವ ವಯಸ್ಸು, ತರಗತಿಯ ರಚನೆ, ಅನುತ್ತೀರ್ಣಗೊಳಿಸುವ ಪದ್ಧತಿ ಮೊದಲಾದ ಇಂದಿನ ವಿವಾದಗಳ ಬೇರು ಈ ಭಿನ್ನಾಭಿಪ್ರಾಯದಲ್ಲಿದೆ.

ವಯಸ್ಸಿನ ತರಗತಿ ಬಂದ ಬಗೆ

ವಯಸ್ಸಿಗೊಂದು ತರಗತಿ ಎಂಬ ಕ್ರಮ ಶಾಲೆಯಷ್ಟು ಹಳೆಯದಲ್ಲ. ಮದರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಆರಂಭಿಸಿದ ಶಿಕ್ಷಣ ಸಮೀಕ್ಷೆಗೆ ಉತ್ತರವಾಗಿ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಕಳುಹಿಸಿದ ವರದಿ ಈ ವಿಚಾರದಲ್ಲಿ ಬೆಲೆಬಾಳುವ ದಾಖಲೆ. ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ 533 ಶಾಲೆಗಳಿದ್ದು, ಅವುಗಳಲ್ಲಿ 235 ಕನ್ನಡದವು ಎಂದು ಆತ ಲೆಕ್ಕ ಕೊಡುತ್ತಾನೆ. ಆ ವರದಿಯ ಪ್ರಕಾರ ಮಕ್ಕಳು ಸಾಮಾನ್ಯವಾಗಿ ಐದನೆಯ ವಯಸ್ಸಿಗೆ ಮಠಕ್ಕೆ ಸೇರುತ್ತಿದ್ದರು. ಸೇರಿದ ಮೇಲೆ ಮಾತ್ರ ಅವರನ್ನು ವಯಸ್ಸಿನ ಮೇಲಲ್ಲ, ಕಲಿತದ್ದರ ಮೇಲೆ ಗುಂಪು ಮಾಡಲಾಗುತ್ತಿತ್ತು, ಕೆಳಗಿನ ಗುಂಪುಗಳನ್ನು ಮುಂದಿನ ಹಂತದ ಹುಡುಗರು ನೋಡಿಕೊಂಡರೆ ಮೇಲಿನವರನ್ನು ಗುರುವೇ ನೋಡುತ್ತಿದ್ದ, ಮತ್ತು ಹುಡುಗ ತನ್ನ ಶಕ್ತಿ ಹಾಗೂ ಪ್ರಗತಿಗೆ ತಕ್ಕಂತೆ ಒಂದರಿಂದ ಇನ್ನೊಂದಕ್ಕೆ ಏರುತ್ತಿದ್ದ. ಬರವಣಿಗೆಯ ಸಾಧನಗಳೂ ಇದೇ ಕ್ರಮದಲ್ಲಿ ಬದಲಾಗುತ್ತಿದ್ದವು: ಮೊದಲು ನೆಲದ ಮರಳಿನಲ್ಲಿ ಬೆರಳಿನಿಂದ ಅಕ್ಷರ ತಿದ್ದಬೇಕು; ಬೆರಳು ಪಳಗಿದ ಮೇಲೆ ತಾಳೆಗರಿಯ ಮೇಲೆ ಕಬ್ಬಿಣದ ಕಂಠದಿಂದಲೋ ಕಾಗದದ ಮೇಲೆ ಲೆಕ್ಕಣಿಕೆಯಿಂದಲೋ ಹಲಿಗೆ ಅಥವಾ ಕಡತದ ಮೇಲೆ ಬಳಪದಿಂದಲೋ ಬರೆಯುವ ಅವಕಾಶ ದೊರೆಯುತ್ತಿತ್ತು. ಕೈ ಸಿದ್ಧವಾಯಿತೇ ಎಂಬುದನ್ನು ಗುರು ಮರಳಿನಲ್ಲಿಯೇ ನೋಡಿ ತಿಳಿಯುತ್ತಿದ್ದನೇ ಹೊರತು ಜಾತಕದಲ್ಲಿ ಅಲ್ಲ.

ಆದರೆ ಈ ಮಠಗಳನ್ನು ಆದರ್ಶವಾಗಿ ಚಿತ್ರಿಸುವಂತಿಲ್ಲ. ಮಕ್ಕಳು ಬಾಯಿಪಾಠ ಮಾಡುತ್ತಿದ್ದ ಪದ್ಯಗಳ ಭಾಷೆ ಆಡುಮಾತಿಗೆ ತೀರ ದೂರವಾದದ್ದರಿಂದ ಅವರಿಗೆ ಅರ್ಥವೇ ಆಗುತ್ತಿರಲಿಲ್ಲವೆಂದು ಕ್ಯಾಂಪ್‌ಬೆಲ್ಲನೇ ಆಕ್ಷೇಪಿಸಿದ್ದಾನೆ. ಹೆಣ್ಣುಮಕ್ಕಳಲ್ಲಿ ಮತ್ತು ಹಲವು ಜಾತಿಗಳಲ್ಲಿ ಬಹುತೇಕರಿಗೆ ಅಲ್ಲಿ ಪ್ರವೇಶವೇ ಇರಲಿಲ್ಲ. ವೇಗವನ್ನು ಮಗುವಿಗೆ ಹೊಂದಿಸುವ ಏರ್ಪಾಡು ಇದ್ದ ಮಾತ್ರಕ್ಕೆ ಕಲಿಸುವ ಸಾಮಗ್ರಿ ಮಗುವಿಗೆ ಹೊಂದುತ್ತದೆ ಎಂದಾಗಲಿ, ಎಲ್ಲ ಮಕ್ಕಳಿಗೂ ಬಾಗಿಲು ತೆರೆದಿರುತ್ತದೆ ಎಂದಾಗಲಿ ಅರ್ಥವಲ್ಲ.

ವಯಸ್ಸಿನ ತರಗತಿ ರೂಪುಗೊಂಡದ್ದು ಎಲ್ಲರಿಗೂ ಶಿಕ್ಷಣ ಎಂಬ ಗುರಿಯ ಜೊತೆಯಲ್ಲಿ. ಪ್ರಷ್ಯದ ಶಾಲೆಗಳನ್ನು 1843ರಲ್ಲಿ ನೋಡಿಬಂದ ಅಮೆರಿಕದ ಹೊರೇಸ್ ಮಾನ್, ಮಕ್ಕಳನ್ನು ವಿಂಗಡಿಸಿ ಪ್ರತಿ ಗುಂಪಿಗೂ ಒಬ್ಬ ಶಿಕ್ಷಕರನ್ನು ಕೊಡುವ ಅಲ್ಲಿನ ಕ್ರಮವನ್ನು ಮೆಚ್ಚಿ ಬರೆದ. 1847ರಲ್ಲಿ ಬಾಸ್ಟನ್ನಿನಲ್ಲಿ ಆರಂಭವಾದ ಕ್ವಿನ್ಸಿ ಶಾಲೆ ಪ್ರತ್ಯೇಕ ಕೋಣೆ, ಪ್ರತ್ಯೇಕ ಶಿಕ್ಷಕರು, ವರ್ಷಕ್ಕೊಂದು ಮೆಟ್ಟಿಲು ಎಂಬ ಮಾದರಿಯನ್ನು ಕಟ್ಟಡದಲ್ಲಿಯೇ ಮೂಡಿಸಿತು. ಸಾವಿರಾರು ಮಕ್ಕಳನ್ನು ಕಡಿಮೆ ಖರ್ಚಿನಲ್ಲಿ ಓದಿಸಲು, ಪುಸ್ತಕಗಳನ್ನು ಒಟ್ಟಿಗೆ ಅಚ್ಚು ಹಾಕಿಸಲು, ತಪಾಸಣಾಧಿಕಾರಿ ಬಂದು ಒಂದೇ ಅಳತೆಯಲ್ಲಿ ಪರೀಕ್ಷಿಸಲು ಇದು ಅನುಕೂಲವಾಗಿತ್ತು. ಆಡಳಿತದ ಈ ಅನುಕೂಲವೇ ಕಾಲಾನಂತರ ಮಗುವಿನ ಸ್ವಭಾವದ ನಿಯಮವೆಂಬಂತೆ ಕಾಣತೊಡಗಿತು.

ಕಾಯುವ ವಾದ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಏಕರೂಪತೆಯನ್ನು ಪ್ರಶ್ನಿಸಿದವರಲ್ಲಿ ಯೇಲ್ ವಿಶ್ವವಿದ್ಯಾಲಯದ ಆರ್ನಾಲ್ಡ್ ಗೆಸೆಲ್ ಪ್ರಮುಖ. ಮಗುವಿನ ಬೆಳವಣಿಗೆ ಒಳಗಿನ ಜೈವಿಕ ವೇಳಾಪಟ್ಟಿಯಂತೆ ನಡೆಯುತ್ತದೆ, ಹೊರಗಿನ ತರಬೇತಿ ಅದನ್ನು ಹೆಚ್ಚು ಬದಲಿಸಲಾರದು ಎಂಬುದು ಆತನ ಪಕ್ವತಾವಾದದ ತಿರುಳು. ಇದಕ್ಕೆ ಆಧಾರವಾದದ್ದು ಆತ ಮತ್ತು ಹೆಲೆನ್ ಥಾಮ್ಸನ್ 1929ರಲ್ಲಿ ಪ್ರಕಟಿಸಿದ ಅವಳಿ ಹೆಣ್ಣುಮಕ್ಕಳ ಅಧ್ಯಯನ. ಅವಳಿಗಳಲ್ಲಿ ಒಬ್ಬಳಿಗೆ 46ನೇ ವಾರದಿಂದ ಆರು ವಾರ ಮೆಟ್ಟಿಲು ಹತ್ತುವ ಅಭ್ಯಾಸ ಮಾಡಿಸಿ, ಇನ್ನೊಬ್ಬಳಿಗೆ 53ನೇ ವಾರದಲ್ಲಿ ಆರಂಭಿಸಿ ಎರಡೇ ವಾರ ಮಾಡಿಸಿದಾಗ, ತಡವಾಗಿ ಆರಂಭಿಸಿದವಳು ಬೇಗನೆ ಮೊದಲಿನವಳ ಸಮಕ್ಕೆ ಬಂದಳು. ಕಾದಿದ್ದರೆ ಸಾಕಿತ್ತು, ಮುಂಚಿನ ಶ್ರಮ ವ್ಯರ್ಥ ಎಂಬ ತೀರ್ಮಾನ ಇದರಿಂದ ಹೊರಟಿತು.

ಈ ತೀರ್ಮಾನ ಓದಿಗೂ ವಿಸ್ತರಿಸಿದ್ದು ಷಿಕಾಗೋ ಬಳಿಯ ವಿನೆಟ್ಕಾ ಪಟ್ಟಣದಲ್ಲಿ. ಅಲ್ಲಿನ ಶಾಲಾ ಮುಖ್ಯಸ್ಥ ಕಾರ್ಲ್‌ಟನ್ ವಾಷ್‌ಬರ್ನ್ ಪ್ರತಿ ಮಗುವೂ ತನ್ನ ವೇಗದಲ್ಲಿ ಕಲಿಯಲಿ ಎಂದು ಹೊಸ ವ್ಯವಸ್ಥೆ ಕಟ್ಟಿದ್ದ ಸುಧಾರಕ. ಆತ ಮೇಬಲ್ ಮಾರ್ಫೆಟ್ ಜೊತೆ ಸೇರಿ 141 ಒಂದನೇ ತರಗತಿಯ ಮಕ್ಕಳನ್ನು ಪರಿಶೀಲಿಸಿ, ಓದು ಕಲಿಸಲು ಮಗುವಿನ ಮಾನಸಿಕ ವಯಸ್ಸು ಆರೂವರೆ ವರ್ಷವಾಗುವವರೆಗೆ ಕಾಯುವುದು ಲಾಭಕರವೆಂದು 1931ರಲ್ಲಿ ಬರೆದ. ಬುದ್ಧಿ ಪರೀಕ್ಷೆಯಲ್ಲಿ ಮಗು ತೋರುವ ಮಟ್ಟ ಸರಾಸರಿ ಯಾವ ವಯಸ್ಸಿನ ಮಕ್ಕಳದ್ದೋ ಅದೇ ಅದರ ಮಾನಸಿಕ ವಯಸ್ಸು. ಒಂದು ಪಟ್ಟಣದ, ಒಂದು ಬೋಧನಾ ವಿಧಾನದ ಈ ಫಲಿತಾಂಶ ಮುಂದಿನ ಎರಡು ಮೂರು ದಶಕಗಳ ಕಾಲ ಶಿಕ್ಷಕರ ಕೈಪಿಡಿಗಳಲ್ಲಿ ನಿಯಮವಾಗಿ ಕುಳಿತಿತು. ಸಿದ್ಧತಾ ಪರೀಕ್ಷೆ, ಸಿದ್ಧತಾ ಪುಸ್ತಕ, ಸಿದ್ಧತಾ ತರಗತಿಗಳು ಬಂದವು. ವಯಸ್ಸಿನ ಕಟ್ಟಳೆಯನ್ನು ಸಡಿಲಿಸಲು ಹೊರಟ ಚಿಂತನೆ ಹೀಗೆ ಇನ್ನೊಂದು ವಯಸ್ಸಿನ ಕಟ್ಟಳೆಯನ್ನು ತಂದಿತು.

ಇದಕ್ಕೆ ಸಮರ್ಥ ಉತ್ತರ ಬಂದದ್ದು ಆರ್ಥರ್ ಗೇಟ್ಸ್ 1937ರಲ್ಲಿ ಪ್ರಕಟಿಸಿದ ಅಧ್ಯಯನದಿಂದ. ಬೇರೆ ಬೇರೆ ರೀತಿಯಲ್ಲಿ ಓದು ಕಲಿಸುತ್ತಿದ್ದ ತರಗತಿಗಳನ್ನು ಹೋಲಿಸಿದಾಗ, ಸಾಮಗ್ರಿ ಹೇರಳವಾಗಿದ್ದು ಶಿಕ್ಷಕರು ಮಗುವಿನಿಂದ ಮಗುವಿಗೆ ವಿಧಾನ ಬದಲಿಸುತ್ತಿದ್ದ ಕಡೆ ಐದು ವರ್ಷದ ಮಾನಸಿಕ ವಯಸ್ಸೂ ಸಾಕಾಗುತ್ತಿತ್ತು, ಎಲ್ಲರಿಗೂ ಒಂದೇ ಪಾಠ ಒಪ್ಪಿಸುತ್ತಿದ್ದ ಕಡೆ ಅದಕ್ಕಿಂತ ಬಹಳ ಹೆಚ್ಚಿನ ವಯಸ್ಸು ಬೇಕಾಗುತ್ತಿತ್ತು. ಅಂದರೆ ಸಿದ್ಧತೆಯ ವಯಸ್ಸು ಎಂಬುದು ಮಗುವಿನ ಗುಣವಷ್ಟೇ ಅಲ್ಲ, ಬೋಧನೆಯ ಗುಣವೂ ಹೌದು. ಗೆಸೆಲ್‌ನ ಅವಳಿಗಳ ಉದಾಹರಣೆ ಓದಿಗೆ ಒಗ್ಗದಿರುವುದಕ್ಕೂ ಇಲ್ಲಿಯೇ ಕಾರಣ ಸಿಗುತ್ತದೆ. ಮೆಟ್ಟಿಲು ಹತ್ತುವುದು ಎಲ್ಲ ಆರೋಗ್ಯವಂತ ಮಕ್ಕಳಿಗೂ ಕಾಲಕ್ರಮದಲ್ಲಿ ಬರುತ್ತದೆ, ಅಕ್ಷರಜ್ಞಾನ ಮಾತ್ರ ಯಾರಾದರೂ ಕಲಿಸದಿದ್ದರೆ ಎಷ್ಟು ಕಾದರೂ ಬರುವುದಿಲ್ಲ.

ಹಂತಗಳು ಮತ್ತು ಅವುಗಳ ಮಿತಿ

ಸಿದ್ಧತೆಯ ಚರ್ಚೆಗೆ ಹೆಚ್ಚು ಆಳ ಒದಗಿಸಿದವನು ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ. ಮಗುವಿನ ಆಲೋಚನೆ ದೊಡ್ಡವರ ಆಲೋಚನೆಯ ಚಿಕ್ಕ ರೂಪವಲ್ಲ, ಅದರ ರಚನೆಯೇ ಬೇರೆ ಎಂದು ಪ್ರತಿಪಾದಿಸಿದ ಆತ, ಸುಮಾರು ಎರಡು ವರ್ಷದವರೆಗಿನ ಸಂವೇದನಾ-ಚಾಲಕ ಹಂತ, ಏಳರವರೆಗಿನ ಕಾರ್ಯಪೂರ್ವ ಹಂತ, ಹನ್ನೊಂದರವರೆಗಿನ ಮೂರ್ತ ಕಾರ್ಯಗಳ ಹಂತ ಮತ್ತು ಅನಂತರದ ಔಪಚಾರಿಕ ಕಾರ್ಯಗಳ ಹಂತ ಎಂದು ನಾಲ್ಕು ಹಂತಗಳನ್ನು ಗುರುತಿಸಿದ. ಎರಡು ಸಾಲುಗಳಲ್ಲಿ ಸಮಸಂಖ್ಯೆಯ ಬಿಲ್ಲೆಗಳನ್ನು ಜೋಡಿಸಿ, ಮಗುವಿನ ಕಣ್ಣೆದುರಿಗೇ ಒಂದು ಸಾಲನ್ನು ಅಗಲಿಸಿದರೆ, ಕಾರ್ಯಪೂರ್ವ ಹಂತದ ಮಗು ಉದ್ದವಾದ ಸಾಲಿನಲ್ಲಿ ಬಿಲ್ಲೆ ಹೆಚ್ಚಿವೆ ಎನ್ನುತ್ತದೆ. ಜೋಡಣೆ ಬದಲಾದರೂ ಸಂಖ್ಯೆ ಬದಲಾಗದು ಎಂಬ ಅರಿವಿಗೆ ಸಂರಕ್ಷಣೆ ಎಂದು ಹೆಸರು. ಅದು ಬಾರದ ಮಗುವಿಗೆ ಎರಡಂಕಿಯ ಸಂಕಲನವನ್ನು ಕಲಿಸಿದರೆ ಮಗು ಲೆಕ್ಕದ ಮಾತನ್ನು ಕಲಿಯಬಹುದೇ ಹೊರತು ಲೆಕ್ಕವನ್ನಲ್ಲ ಎಂಬುದು ಪಿಯಾಜೆಯ ಅನುಯಾಯಿಗಳ ಎಚ್ಚರಿಕೆಯಾಗಿತ್ತು.

ಈ ಎಚ್ಚರಿಕೆಯಲ್ಲಿ ಹುರುಳಿದ್ದರೂ ಹಂತಗಳ ಗಡಿ ಪಿಯಾಜೆ ಎಣಿಸಿದಷ್ಟು ಗಟ್ಟಿಯಲ್ಲವೆಂದು ಅನಂತರದ ಸಂಶೋಧನೆ ತೋರಿಸಿತು. ಎಡಿನ್‌ಬರೋದಲ್ಲಿ ಜೇಮ್ಸ್ ಮೆಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಇದೇ ಪ್ರಯೋಗವನ್ನು ಚಿಕ್ಕದೊಂದು ಬದಲಾವಣೆಯೊಂದಿಗೆ ಮಾಡಿದರು: ಸಾಲನ್ನು ಕೆಡಿಸಿದ್ದು ಪ್ರಯೋಗ ಮಾಡುವ ದೊಡ್ಡವರಲ್ಲ, ಪೆಟ್ಟಿಗೆಯಿಂದ ಹೊರಬಂದ ತುಂಟ ಕರಡಿಗೊಂಬೆ. ಈಗ ನಾಲ್ಕರಿಂದ ಆರು ವರ್ಷದ ಮಕ್ಕಳಲ್ಲಿ ಬಹುಪಾಲು ಮಂದಿ ಸರಿಯಾದ ಉತ್ತರ ಕೊಟ್ಟರು. ದೊಡ್ಡವರು ಬೇಕೆಂದೇ ಏನನ್ನೋ ಬದಲಿಸಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಾಗ ಉತ್ತರವೂ ಬದಲಾಗಬೇಕೇನೋ ಎಂದು ಮಗು ಊಹಿಸುತ್ತದೆ. ಸಂದರ್ಭ ಅರ್ಥವಾಗುವಂತಿದ್ದರೆ ಅದೇ ಮಗು ಹೆಚ್ಚು ಬಲ್ಲದ್ದಾಗಿ ಕಾಣುತ್ತದೆ. ಡೊನಾಲ್ಡ್‌ಸನ್ 1978ರಲ್ಲಿ ಪ್ರಕಟಿಸಿದ ಪುಸ್ತಕ ಈ ವಾದವನ್ನು ಶಿಕ್ಷಕರ ಬಳಗಕ್ಕೆ ತಲುಪಿಸಿತು. ಸಿದ್ಧತೆಯ ಪರೀಕ್ಷೆಗಳು ಎಷ್ಟೋ ವೇಳೆ ಮಗುವಿನ ಸಾಮರ್ಥ್ಯವನ್ನಲ್ಲ, ಪರೀಕ್ಷೆಯ ಭಾಷೆಯ ಪರಿಚಯವನ್ನು ಅಳೆಯುತ್ತವೆ ಎಂಬ ಪಾಠ ಇದರಲ್ಲಿದೆ.

ರಷ್ಯದ ಲೆವ್ ವೈಗೋಟ್‌ಸ್ಕಿ ಇನ್ನೊಂದು ದಿಕ್ಕಿನಿಂದ ಈ ಸಮಸ್ಯೆಗೆ ಬಂದ. ಒಂದೇ ಮಾನಸಿಕ ವಯಸ್ಸಿನ, ಎಂಟು ವರ್ಷದ ಮಟ್ಟದ ಇಬ್ಬರು ಮಕ್ಕಳಿಗೆ ತುಸು ಸುಳಿವು ಕೊಟ್ಟು ಕಷ್ಟದ ಲೆಕ್ಕಗಳನ್ನು ಒಡ್ಡಿದರೆ ಒಂದು ಮಗು ಒಂಬತ್ತರ ಮಟ್ಟಕ್ಕೂ ಇನ್ನೊಂದು ಹನ್ನೆರಡರ ಮಟ್ಟಕ್ಕೂ ಹೋಗಬಹುದು. ಮಗು ಒಂಟಿಯಾಗಿ ಮಾಡಬಲ್ಲದ್ದಕ್ಕೂ ನೆರವಿನಿಂದ ಮಾಡಬಲ್ಲದ್ದಕ್ಕೂ ನಡುವಿನ ಈ ಅಂತರವನ್ನು ಆತ ಸಮೀಪ ವಿಕಾಸ ವಲಯ ಎಂದು ಕರೆದು, ಒಳ್ಳೆಯ ಬೋಧನೆ ಈ ವಲಯದಲ್ಲಿ ನಡೆಯಬೇಕು, ಅದು ವಿಕಾಸಕ್ಕೆ ಕಾಯದೆ ವಿಕಾಸವನ್ನು ಮುನ್ನಡೆಸಬೇಕು ಎಂದು ಹೇಳಿದ. 1960ರಲ್ಲಿ ಜೆರೋಮ್ ಬ್ರೂನರ್, ಯಾವ ವಿಷಯವನ್ನೂ ಯಾವ ಹಂತದ ಮಗುವಿಗೂ ಪ್ರಾಮಾಣಿಕವಾದ ಯಾವುದಾದರೊಂದು ರೂಪದಲ್ಲಿ ಕಲಿಸಲು ಸಾಧ್ಯ ಎಂಬ ದಿಟ್ಟ ನಿಲುವು ತಾಳಿದ. ಡೊನಾಲ್ಡ್‌ಸನ್, ವೈಗೋಟ್‌ಸ್ಕಿ, ಬ್ರೂನರ್ ಈ ಮೂವರ ನಡುವೆ ಭೇದಗಳಿದ್ದರೂ, ಸಿದ್ಧತೆಯನ್ನು ಮಗುವಿನ ಒಳಗೆ ಮಾತ್ರ ಹುಡುಕದೆ ಮಗು, ವಿಷಯ ಮತ್ತು ಕಲಿಸುವವರ ನಡುವಿನ ಸಂಬಂಧದಲ್ಲಿ ಹುಡುಕಬೇಕೆಂಬ ತಿಳಿವಳಿಕೆ ಇವರ ಬರಹಗಳಿಂದ ಬಲಗೊಂಡಿತು.

ತಿಂಗಳುಗಳ ಲೆಕ್ಕ

ಹಾಗಾದರೆ ವಯಸ್ಸಿಗೆ ಬೆಲೆಯೇ ಇಲ್ಲವೇ? ಇದೆ, ಮುಖ್ಯವಾಗಿ ಎಳೆಯ ತರಗತಿಗಳಲ್ಲಿ. ಪ್ರವೇಶಕ್ಕೆ ಒಂದು ಕಡೆಯ ದಿನಾಂಕ ಇಟ್ಟೊಡನೆ ಒಂದೇ ತರಗತಿಯಲ್ಲಿ ಸುಮಾರು ಒಂದು ವರ್ಷದ ಅಂತರದ ಮಕ್ಕಳು ಕೂಡುತ್ತಾರೆ; ಆರು ವರ್ಷದ ಮಗುವಿಗೆ ಅದು ಅದರ ಬದುಕಿನ ಆರನೆಯ ಒಂದು ಭಾಗ. ಕೆಲ್ಲಿ ಬೆಡಾರ್ಡ್ ಮತ್ತು ಎಲಿಜಬೆತ್ ಧುಯಿ 2006ರಲ್ಲಿ ಹಲವು ದೇಶಗಳ ಗಣಿತ ಮತ್ತು ವಿಜ್ಞಾನ ಪರೀಕ್ಷೆಗಳನ್ನು ಪರಿಶೀಲಿಸಿದಾಗ, ನಾಲ್ಕನೇ ತರಗತಿಯಲ್ಲಿ ಅತಿ ಕಿರಿಯರು ಅತಿ ಹಿರಿಯರಿಗಿಂತ 4ರಿಂದ 12 ಶತಮಾಂಕಗಳಷ್ಟು ಹಿಂದಿದ್ದು, ಎಂಟನೇ ತರಗತಿಯಲ್ಲಿಯೂ 2ರಿಂದ 9ರಷ್ಟು ಅಂತರ ಉಳಿದಿತ್ತು. ನೂರು ಮಕ್ಕಳನ್ನು ಅಂಕದ ಕ್ರಮದಲ್ಲಿ ನಿಲ್ಲಿಸಿದರೆ ಒಂದು ಮಗು ನಿಲ್ಲುವ ಸ್ಥಾನವೇ ಶತಮಾಂಕ. ಅಮೆರಿಕದಲ್ಲಿ ಸೆಪ್ಟೆಂಬರ್ 1ನ್ನು ಕಡೆಯ ದಿನವಾಗಿಟ್ಟ ರಾಜ್ಯಗಳ ಬಗ್ಗೆ 2018ರಲ್ಲಿ ಪ್ರಕಟವಾದ ವೈದ್ಯಕೀಯ ಅಧ್ಯಯನ ಇನ್ನೂ ಕಳವಳಕಾರಿ: ತರಗತಿಯ ಕಿರಿಯರಾದ ಆಗಸ್ಟ್ ತಿಂಗಳ ಮಕ್ಕಳಲ್ಲಿ ಗಮನ ನಿಲ್ಲದ ಅತಿಚಟುವಟಿಕೆಯ ತೊಂದರೆಯಿದೆಯೆಂದು ಗುರುತಿಸಲಾದವರು 10,000ಕ್ಕೆ 85, ಹಿರಿಯರಾದ ಸೆಪ್ಟೆಂಬರ್ ಮಕ್ಕಳಲ್ಲಿ ಸುಮಾರು 64. ಎಳೆತನವನ್ನೇ ಕಾಯಿಲೆಯೆಂದು ಬಗೆದ ಪ್ರಕರಣಗಳು ಈ ಅಂತರದಲ್ಲಿ ಅಡಗಿವೆ.

ಬೇಗ ಆರಂಭಿಸಿದರೆ ಬೇಗ ಮುಂದುವರಿಯುತ್ತಾರೆ ಎಂಬ ನಂಬಿಕೆಗೂ ಆಧಾರ ದುರ್ಬಲ. ನ್ಯೂಜಿಲೆಂಡಿನಲ್ಲಿ ಐದನೆಯ ವಯಸ್ಸಿಗೆ ಓದು ಕಲಿಸುವ ಸರ್ಕಾರಿ ಶಾಲೆಗಳನ್ನೂ ಏಳಕ್ಕೆ ಕಲಿಸುವ ಸ್ಟೈನರ್ ಶಾಲೆಗಳನ್ನೂ ಹೋಲಿಸಿ ಸೆಬಾಸ್ಟಿಯನ್ ಸಗ್ಗೇಟ್ ಮತ್ತು ಸಹೋದ್ಯೋಗಿಗಳು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹನ್ನೊಂದರ ಹೊತ್ತಿಗೆ ಎರಡೂ ಕಡೆಯವರ ಓದಿನ ನಿರರ್ಗಳತೆ ಸಮನಾಗಿತ್ತು. ಅರ್ಥಗ್ರಹಣದಲ್ಲಿ ತಡವಾಗಿ ಆರಂಭಿಸಿದವರೇ ತುಸು ಮುಂದಿದ್ದರು. ಆದರೆ ಈ ಮಕ್ಕಳು ಏಳರವರೆಗೆ ಸುಮ್ಮನೆ ಕುಳಿತಿರಲಿಲ್ಲ; ಕಥೆ, ಹಾಡು, ಆಟ, ಮಾತುಗಳ ಸಮೃದ್ಧ ವಾತಾವರಣದಲ್ಲಿದ್ದರು. ಫಿನ್‌ಲ್ಯಾಂಡಿನಲ್ಲಿ ಶಾಲೆ ಏಳಕ್ಕೆ ಆರಂಭವಾಗುತ್ತದೆ ಎಂಬುದನ್ನು ಉದಾಹರಿಸುವವರು, ಅಲ್ಲಿ ಆರನೆಯ ವಯಸ್ಸಿಗೆ ಸಾರ್ವಜನಿಕ ಪೂರ್ವಪ್ರಾಥಮಿಕ ವರ್ಷವಿದೆ ಎಂಬುದನ್ನೂ ಹೇಳಬೇಕಾಗುತ್ತದೆ.

ಕರ್ನಾಟಕದಲ್ಲಿ ಈಚೆಗೆ ನಡೆದ ವಿವಾದವನ್ನು ಈ ಬೆಳಕಿನಲ್ಲಿ ನೋಡಬಹುದು. ರಾಷ್ಟ್ರೀಯ ಶಿಕ್ಷಣ ನೀತಿ 2020 ಮೂರರಿಂದ ಎಂಟು ವರ್ಷದವರೆಗಿನ ಅವಧಿಯನ್ನು ಒಂದೇ ಬುನಾದಿ ಹಂತವಾಗಿ ಪರಿಗಣಿಸಿ ಒಂದನೇ ತರಗತಿಗೆ ಆರು ವರ್ಷವನ್ನು ಗುರುತಿಸಿತು. ಜೂನ್ 1ಕ್ಕೆ ಆರು ತುಂಬಿರಬೇಕೆಂದು ರಾಜ್ಯ ಸರ್ಕಾರ 2022ರಲ್ಲಿ ಹೊರಡಿಸಿದ ಆದೇಶ 2025-26ರಿಂದ ಜಾರಿಯಾಗಬೇಕಿತ್ತು. ಆಗಲೇ ಯುಕೆಜಿ ಮುಗಿಸಿದ್ದ ಮಕ್ಕಳ ಪಾಲಕರ ಒತ್ತಾಯದಿಂದ ಆ ಒಂದು ವರ್ಷಕ್ಕೆ ಐದು ವರ್ಷ ಐದು ತಿಂಗಳಿಗೆ ಸಡಿಲಿಸಲಾಯಿತು. ವಾದ ಪ್ರತಿವಾದಗಳೆಲ್ಲ ತಿಂಗಳುಗಳ ಸುತ್ತ ಸುತ್ತಿದವು. ಗಡಿಯನ್ನು ಎಲ್ಲಿ ಎಳೆದರೂ ಅದರ ಒಳಗೆ ಬಂದ ಮಕ್ಕಳ ನಡುವೆ ವರ್ಷದ ಅಂತರ ಉಳಿದೇ ಇರುತ್ತದೆ, ಆ ಅಂತರವನ್ನು ಒಂದನೇ ತರಗತಿ ಹೇಗೆ ನಿಭಾಯಿಸುತ್ತದೆ ಎಂಬುದೇ ಹೆಚ್ಚು ಮುಖ್ಯ ಎಂಬ ಮಾತು ಹಿಂದೆ ಬಿದ್ದಿತು.

ಕನ್ನಡದ ಅಕ್ಷರ ಮತ್ತು ಕಲಿಕಾ ಏಣಿ

ಸಿದ್ಧತೆಯ ಬಗೆಗಿನ ಸಂಶೋಧನೆಯಲ್ಲಿ ದೊಡ್ಡ ಭಾಗ ಇಂಗ್ಲಿಷ್ ಓದನ್ನು ಕುರಿತದ್ದು; ಅದನ್ನು ಕನ್ನಡಕ್ಕೆ ಹಾಗೆಯೇ ಹಚ್ಚಲಾಗದು. ವರ್ಣಮಾಲೆಯಲ್ಲಿ 49 ಅಕ್ಷರಗಳಿದ್ದರೂ ಕಾಗುಣಿತ ಸೇರಿದಾಗ ಮಗು ಗುರುತಿಸಬೇಕಾದ ರೂಪಗಳು ನಾಲ್ಕುನೂರನ್ನು ದಾಟುತ್ತವೆ, ಒತ್ತಕ್ಷರಗಳು ಅದರ ಮೇಲೆ. ‘ಸೂರ್ಯ’ ಎಂದು ಬರೆಯುವಾಗ ಯಕಾರಕ್ಕಿಂತ ಮೊದಲು ಕೇಳಿಸುವ ರಕಾರ, ಅರ್ಕಾವತ್ತಾಗಿ ಯಕಾರದ ನಂತರ ಕೂರುತ್ತದೆ. ಕಿವಿಯ ಕ್ರಮ ಬೇರೆ, ಕಣ್ಣಿನ ಕ್ರಮ ಬೇರೆ ಎಂಬುದನ್ನು ಏಕಕಾಲದಲ್ಲಿ ಮನಸ್ಸಿನಲ್ಲಿಟ್ಟುಕೊಳ್ಳುವುದು ಆರು ವರ್ಷದ ಮಗುವಿಗೆ ಸಣ್ಣ ಕೆಲಸವಲ್ಲ. ಕನ್ನಡ ಓದುವ ಮಕ್ಕಳನ್ನು ಕುರಿತು ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ, ಅಕ್ಷರಜ್ಞಾನ ಇಲ್ಲಿ ಒಂದೆರಡು ವರ್ಷಗಳಲ್ಲಿ ಮುಗಿಯದೆ ಪ್ರಾಥಮಿಕ ಹಂತದ ಹಲವು ತರಗತಿಗಳುದ್ದಕ್ಕೂ ಮುಂದುವರಿಯುತ್ತದೆ ಎಂದೂ, ಅಕ್ಷರದೊಳಗಿನ ಬಿಡಿ ಧ್ವನಿಗಳನ್ನು ಬೇರ್ಪಡಿಸಿ ಗ್ರಹಿಸುವ ಧ್ವನಿಮಾ ಅರಿವು ನಿಧಾನವಾಗಿ ಮೂಡುತ್ತದೆ ಎಂದೂ ತೋರಿಸಿತು. ಒಂದನೇ ತರಗತಿಯ ಕೊನೆಗೆ ಒತ್ತಕ್ಷರ ತಡವರಿಸುವ ಮಗು ಹಿಂದುಳಿದದ್ದಲ್ಲ, ಲಿಪಿಯ ಸಹಜ ವೇಗದಲ್ಲಿಯೇ ನಡೆಯುತ್ತಿದೆ ಎಂದು ಇದರಿಂದ ತಿಳಿಯಬೇಕು.

ಈ ಅರಿವನ್ನು ಶಾಲೆಯ ವ್ಯವಸ್ಥೆಯಾಗಿ ಮಾರ್ಪಡಿಸಿದ ಪ್ರಯತ್ನ ನಲಿ-ಕಲಿ. ಮದನಪಲ್ಲಿ ಸಮೀಪದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳಲ್ಲಿ ರೂಪುಗೊಂಡಿದ್ದ ಕಾರ್ಡು ಆಧಾರಿತ ಕ್ರಮವನ್ನು ನೋಡಿಬಂದ ಶಿಕ್ಷಕರು 1995ರಲ್ಲಿ, ಯುನಿಸೆಫ್ ನೆರವಿನೊಂದಿಗೆ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಅದನ್ನು ಕನ್ನಡಕ್ಕೆ ಒಗ್ಗಿಸಿ ಆರಂಭಿಸಿದರು. 2009-10ರಿಂದ ಅದು ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳ ಕೆಳಗಿನ ತರಗತಿಗಳಿಗೆ ವಿಸ್ತರಿಸಿತು. ಇಲ್ಲಿ ಅಕ್ಷರಗಳು ಅಆಇಈ ಕ್ರಮದಲ್ಲಿ ಬರುವುದಿಲ್ಲ. ರ, ಗ, ಸ, ದ, ಅ ಎಂಬ, ಬರೆಯಲು ಸುಲಭವಾದ ಗುಂಡು ರೂಪಗಳು ಮೊದಲು ಬರುತ್ತವೆ. ಈ ಐದರಿಂದಲೇ ಸರ, ಅರಸ, ಅಗಸ, ದರ ಎಂಬ ಪದಗಳನ್ನು ಮಗು ಓದಬಲ್ಲದಾದ್ದರಿಂದ, ಇಡೀ ವರ್ಣಮಾಲೆ ಮುಗಿಯುವವರೆಗೆ ಅರ್ಥಕ್ಕಾಗಿ ಕಾಯಬೇಕಾಗಿಲ್ಲ. ಆಮೇಲೆ ಜ, ವ, ಮ, ಬ, ನ ಸೇರಿಕೊಳ್ಳುತ್ತವೆ. ಪ್ರತಿ ಚಟುವಟಿಕೆಗೂ ಒಂದು ಕಾರ್ಡು, ಕಾರ್ಡುಗಳ ಕ್ರಮವನ್ನು ಚಿತ್ರಸಂಕೇತಗಳಲ್ಲಿ ತೋರಿಸುವ ಕಲಿಕಾ ಏಣಿ, ನಡುನಡುವೆ ಮೈಲಿಗಲ್ಲುಗಳು. ನಿನ್ನೆ ಎಲ್ಲಿ ನಿಲ್ಲಿಸಿತೋ ಅಲ್ಲಿಂದಲೇ ಮಗು ಇಂದು ಮುಂದುವರಿಯುತ್ತದೆ, ಒಂದು ವಾರ ಜ್ವರದಿಂದಲೋ ಸುಗ್ಗಿಯಿಂದಲೋ ತಪ್ಪಿಸಿಕೊಂಡರೆ ಪಾಠವೇನೂ ತಪ್ಪಿಹೋಗುವುದಿಲ್ಲ.

ಗಮನಿಸಬೇಕಾದದ್ದು ಕೋಣೆಯ ಜೋಡಣೆ. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂರುವ ಬಹುವರ್ಗ ಕೋಣೆಯಲ್ಲಿ ತಟ್ಟೆ ಎಂದು ಕರೆಯುವ ಗುಂಪುಗಳಿರುತ್ತವೆ: ಶಿಕ್ಷಕರ ಪೂರ್ಣ ನೆರವಿನದು ಒಂದು, ಭಾಗಶಃ ನೆರವಿನದು ಇನ್ನೊಂದು, ಸಹಪಾಠಿಗಳ ಪೂರ್ಣ ಮತ್ತು ಭಾಗಶಃ ನೆರವಿನವು ಮತ್ತೆರಡು, ಸ್ವಕಲಿಕೆಯದು ಕೊನೆಯದು. ಹೊಸ ಅಕ್ಷರ ಕಲಿಯುವಾಗ ಶಿಕ್ಷಕರ ಬಳಿ ಕುಳಿತ ಮಗು ಅಭ್ಯಾಸ ಮಾಡುವಾಗ ಗೆಳೆಯರ ತಟ್ಟೆಗೆ ಹೋಗುತ್ತದೆ. ಕಾರ್ಡು ಬದಲಾದಂತೆ ತಟ್ಟೆಯೂ ಬದಲಾಗುವುದರಿಂದ ಯಾವ ಮಗುವೂ ದಡ್ಡರ ಗುಂಪಿನದು ಎಂಬ ಹೆಸರು ಹೊತ್ತು ಕೂರಬೇಕಾಗಿಲ್ಲ. ವೈಗೋಟ್‌ಸ್ಕಿ ಹೇಳಿದ ನೆರವಿನ ಮೆಟ್ಟಿಲುಗಳು ಇಲ್ಲಿ ಚಾಪೆಯ ಮೇಲೆ ಕೂರುವ ಏರ್ಪಾಡಾಗಿವೆ.

ಈ ಕ್ರಮದ ಕೊರತೆಗಳೂ ಸ್ಪಷ್ಟವಾಗಿವೆ. ಮೂವತ್ತು ನಲವತ್ತು ಮಕ್ಕಳು ಮೂವತ್ತು ನಲವತ್ತು ಮೆಟ್ಟಿಲುಗಳಲ್ಲಿದ್ದಾಗ ಒಬ್ಬ ಶಿಕ್ಷಕಿ ಎಲ್ಲರ ಪ್ರಗತಿ ನೋಟವನ್ನು ನಿತ್ಯ ತುಂಬುವುದು ಕಷ್ಟ. ಕಾರ್ಡುಗಳು ಹರಿದು ಕಳೆದರೆ ಏಣಿಯ ಮೆಟ್ಟಿಲೇ ಮುರಿಯುತ್ತದೆ. ಪುಸ್ತಕ, ಮನೆಗೆಲಸ, ಕಾಪಿ ಬರಹ ಕಾಣದ ಪಾಲಕರಿಗೆ ಮಗು ಆಡಿಕೊಂಡಿದೆ ಎನಿಸುತ್ತದೆ. ಎಲ್ಲಕ್ಕಿಂತ ದೊಡ್ಡ ತೊಡಕೆಂದರೆ ಏಣಿ ಮೂರನೇ ತರಗತಿಗೆ ಮುಗಿಯುತ್ತದೆ. ಏಣಿಯ ನಡುವಿನಲ್ಲಿದ್ದ ಮಗುವೂ ನಾಲ್ಕನೇ ತರಗತಿಗೆ ಹೋಗಿ, ಎಲ್ಲರಿಗೂ ಒಂದೇ ಪುಟ ತೆರೆಯುವ ಪಠ್ಯಪುಸ್ತಕದ ಮುಂದೆ ಕೂರುತ್ತದೆ.

ಮಟ್ಟಕ್ಕೆ ತಕ್ಕ ಬೋಧನೆ

ಆ ಮೇಲಿನ ತರಗತಿಗಳ ಸಮಸ್ಯೆಯ ಗಾತ್ರವನ್ನು ಪ್ರಥಮ್ ಸಂಸ್ಥೆಯ ನೆರವಿನಿಂದ 2005ರಿಂದ ನಡೆಯುತ್ತಿರುವ ಅಸರ್ ಸಮೀಕ್ಷೆ ತೋರಿಸುತ್ತದೆ. 2024ರ ವರದಿಯಂತೆ ಗ್ರಾಮೀಣ ಭಾರತದ ಮೂರನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಠ್ಯವನ್ನು ಓದಬಲ್ಲವರು ಶೇ. 27ರಷ್ಟು, ಐದನೇ ತರಗತಿಯಲ್ಲಿ ಅರ್ಧಕ್ಕಿಂತ ತುಸು ಕಡಿಮೆ. ಪ್ರಥಮ್ ರೂಪಿಸಿದ ಪರಿಹಾರ ಸರಳ: ಮೂರರಿಂದ ಐದನೇ ತರಗತಿಯ ಮಕ್ಕಳಿಗೆ ನಿಮಿಷಗಳಲ್ಲಿ ಮುಗಿಯುವ ಮೌಖಿಕ ಪರೀಕ್ಷೆ ಮಾಡಿ, ಅಕ್ಷರ, ಪದ, ವಾಕ್ಯವೃಂದ, ಕಥೆ ಎಂಬ ಮಟ್ಟಗಳಲ್ಲಿ ಗುಂಪು ಮಾಡಿ, ದಿನದ ಒಂದು ನಿಗದಿತ ಅವಧಿಯಲ್ಲಿ ತರಗತಿಯ ಗೋಡೆ ಮರೆತು ಆ ಮಟ್ಟದಿಂದ ಕಲಿಸುವುದು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಹೋದ್ಯೋಗಿಗಳು ಮುಂಬೈ, ವಡೋದರಗಳಿಂದ ಆರಂಭಿಸಿ ಹಲವು ರಾಜ್ಯಗಳಲ್ಲಿ ಇದನ್ನು ಪರೀಕ್ಷಿಸಿದ ಫಲಿತಾಂಶಗಳಿಂದ ಒಂದು ಸೂಕ್ಷ್ಮ ಪಾಠ ಹೊರಟಿತು: ಹರಿಯಾಣದಲ್ಲಿ ಮಟ್ಟವಾರು ಬೋಧನೆಗೆ ಪ್ರತ್ಯೇಕ ಗಂಟೆಯೊಂದನ್ನು ಮೀಸಲಿಟ್ಟಾಗ ಓದು ಸುಧಾರಿಸಿತು, ಅಂಥ ಸಮಯ ಮೀಸಲಿಡದೆ ಸಾಮಗ್ರಿ ಮತ್ತು ತರಬೇತಿಯನ್ನಷ್ಟೇ ಕೊಟ್ಟ ಕಡೆ ಶಿಕ್ಷಕರು ಪಠ್ಯಕ್ರಮ ಮುಗಿಸುವ ಹಳೆಯ ದಾರಿಗೇ ಮರಳಿದರು. ಕರ್ನಾಟಕದಲ್ಲಿ ಓದು ಕರ್ನಾಟಕ ಕಾರ್ಯಕ್ರಮವೂ, ಕೋವಿಡ್ ಮುಚ್ಚುವಿಕೆಯ ನಂತರ 2022-23ರಲ್ಲಿ ನಡೆದ ಕಲಿಕಾ ಚೇತರಿಕೆಯೂ, ಮಗು ಇರುವ ಕಡೆಯಿಂದ ಕಲಿಸಬೇಕೆಂಬ ಇದೇ ತತ್ತ್ವವನ್ನು ಒಪ್ಪಿಕೊಂಡವು.

ಮಟ್ಟಕ್ಕೆ ತಕ್ಕಂತೆ ಗುಂಪು ಮಾಡಿದರೆ ಕೆಳಗಿನವರಿಗೆ ಹಾನಿಯಾಗದೇ ಎಂಬ ಪ್ರಶ್ನೆಗೆ ಪಶ್ಚಿಮ ಕೀನ್ಯಾದ 121 ಶಾಲೆಗಳ ಪ್ರಯೋಗದಿಂದ ಒಂದು ಉತ್ತರ ಸಿಕ್ಕಿತು. ಅಲ್ಲಿ ಒಂದನೇ ತರಗತಿಯನ್ನು ಮಟ್ಟದ ಮೇಲೆ ಎರಡಾಗಿ ಮಾಡಿದ ಶಾಲೆಗಳಲ್ಲಿ ಮೇಲಿನ ಮತ್ತು ಕೆಳಗಿನ ಎರಡೂ ಗುಂಪುಗಳು ಲಾಭ ಪಡೆದವು, ಏಕೆಂದರೆ ಶಿಕ್ಷಕರು ಪಾಠವನ್ನು ಎದುರಿಗಿದ್ದವರ ಮಟ್ಟಕ್ಕೆ ತರಲು ಸಾಧ್ಯವಾಯಿತು. ಆದರೆ ಇಂಗ್ಲೆಂಡಿನಲ್ಲಿ 1944ರ ಕಾಯ್ದೆಯ ನಂತರ ಹನ್ನೊಂದನೆಯ ವಯಸ್ಸಿನ ಒಂದು ಪರೀಕ್ಷೆಯಿಂದ ಮಕ್ಕಳನ್ನು ಬೇರೆ ಬೇರೆ ಶಾಲೆಗಳಿಗೆ ಕಳುಹಿಸಿದ ಅನುಭವ ಇನ್ನೊಂದು ಮಗ್ಗುಲನ್ನು ತೋರಿಸುತ್ತದೆ. ಅಲ್ಲಿ ಗುಂಪು ಶಾಶ್ವತವಾಯಿತು, ವರ್ಗಭೇದದೊಂದಿಗೆ ಬೆರೆಯಿತು. ಈ ಎರಡರ ನಡುವಿನ ವ್ಯತ್ಯಾಸ ಗುಂಪು ಎಷ್ಟು ಕಾಲದ್ದು, ಯಾವ ಕೌಶಲಕ್ಕೆ ಸಂಬಂಧಿಸಿದ್ದು, ಅದರಿಂದ ಹೊರಬರುವ ದಾರಿ ಎಷ್ಟು ಸುಲಭ ಎಂಬುದರಲ್ಲಿದೆ.

ಕಾನೂನು ಮತ್ತು ಆಕ್ಷೇಪಗಳು

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಮೇಲುನೋಟಕ್ಕೆ ಸಿದ್ಧತೆಯ ತತ್ತ್ವಕ್ಕೆ ವಿರುದ್ಧವಾಗಿದೆ. ಅದರ 4ನೇ ಪ್ರಕರಣ ಶಾಲೆ ಕಾಣದ ಅಥವಾ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕೆನ್ನುತ್ತದೆ, 13ನೇ ಪ್ರಕರಣ ಪ್ರವೇಶಕ್ಕೆ ಮಗುವನ್ನಾಗಲಿ ಪಾಲಕರನ್ನಾಗಲಿ ಪರೀಕ್ಷಿಸುವುದನ್ನು ನಿಷೇಧಿಸುತ್ತದೆ. ಕಾರಣ ಗೌರವದ್ದು. ಇಟ್ಟಿಗೆ ಗೂಡಿನಿಂದಲೋ ಕಬ್ಬು ಕಡಿಯುವ ವಲಸೆಯಿಂದಲೋ ಬಂದ ಹತ್ತು ವರ್ಷದ ಹುಡುಗಿಯನ್ನು ಆರು ವರ್ಷದವರ ನಡುವೆ ಕೂರಿಸಿದರೆ ಆಕೆ ನಾಚಿ ಶಾಲೆ ಬಿಡುತ್ತಾಳೆ. ಆದರೆ ಇದೇ 4ನೇ ಪ್ರಕರಣ ಆಕೆಗೆ ವಿಶೇಷ ತರಬೇತಿಯ ಹಕ್ಕನ್ನೂ ಕೊಡುತ್ತದೆ. ಯಾರೊಡನೆ ಕೂರಬೇಕೆಂಬುದನ್ನು ವಯಸ್ಸಿನಿಂದಲೂ ಏನನ್ನು ಕಲಿಯಬೇಕೆಂಬುದನ್ನು ಮಟ್ಟದಿಂದಲೂ ತೀರ್ಮಾನಿಸುವ ಈ ವಿಂಗಡಣೆ, ಕಾನೂನು ಬರೆದವರು ಸಮಸ್ಯೆಯನ್ನು ಅರಿತಿದ್ದರು ಎಂಬುದಕ್ಕೆ ಸಾಕ್ಷಿ. ಸೊರಗಿರುವುದು ಆ ತರಬೇತಿಯ ಅನುಷ್ಠಾನ.

ಇನ್ನೊಂದು ಆಕ್ಷೇಪ ಭಾಷೆಯದು. ಮನೆಯಲ್ಲಿ ಲಂಬಾಣಿ, ತುಳು, ಉರ್ದು, ತೆಲುಗು ಆಡುವ ಮಗು ಒಂದನೇ ತರಗತಿಯಲ್ಲಿ ಮೌನವಾಗಿದ್ದರೆ ಅದನ್ನು ಅಪಕ್ವತೆ ಎಂದು ಬರೆಯುವುದು ಸುಲಭ; ಕನ್ನಡ ಮನೆಯ ಮಗುವನ್ನು ಇಂಗ್ಲಿಷ್ ಎಲ್‌ಕೆಜಿಗೆ ಸೇರಿಸಿದಾಗಲೂ ಇದೇ ತಪ್ಪು ನಡೆಯುತ್ತದೆ. ಸಿದ್ಧತೆಯ ಕಲ್ಪನೆಯನ್ನು ಎಚ್ಚರವಿಲ್ಲದೆ ಬಳಸಿದರೆ ಬಡವರ, ದಲಿತರ, ಅಲ್ಪಸಂಖ್ಯಾತರ, ವಲಸಿಗರ ಮಕ್ಕಳಿಂದ ಕಡಿಮೆಯನ್ನು ನಿರೀಕ್ಷಿಸಿ ಕಡಿಮೆಯನ್ನೇ ಕಲಿಸುವುದಕ್ಕೆ ಅದು ಸಭ್ಯವಾದ ಸಬೂಬಾಗಿಬಿಡುತ್ತದೆ. ವಿನೆಟ್ಕಾದ ಸೂತ್ರವನ್ನು ಹಳ್ಳಿಯ ಶಾಲೆಯಲ್ಲಿ ಅನುಸರಿಸಿದರೆ ಕಾಯುವಿಕೆಯ ಬೆಲೆ ತೆರುವವರು, ಮನೆಯಲ್ಲಿ ಓದಿಸುವವರಿಲ್ಲದ ಮಕ್ಕಳೇ.

ಸಮಾರೋಪ

ನೂರು ವರ್ಷಗಳ ಈ ಚರ್ಚೆಯನ್ನು ಒಟ್ಟಿಗೆ ನೋಡಿದಾಗ ಒಂದು ವಿಚಾರ ಗಟ್ಟಿಯಾಗಿ ನಿಲ್ಲುತ್ತದೆ: ಸಿದ್ಧತೆಯನ್ನು ಮಗುವನ್ನು ಒಳಗೆ ಬಿಡಬೇಕೇ ಬೇಡವೇ, ಮುಂದೆ ಕಳುಹಿಸಬೇಕೇ ತಡೆಯಬೇಕೇ ಎಂದು ನಿರ್ಧರಿಸಲು ಬಳಸಿದಾಗಲೆಲ್ಲ ಅದು ಅನ್ಯಾಯಕ್ಕೆ ದಾರಿ ಮಾಡಿದೆ; ನಾಳೆಯ ಪಾಠವನ್ನು ಎಲ್ಲಿಂದ ಆರಂಭಿಸಬೇಕೆಂದು ತಿಳಿಯಲು ಬಳಸಿದಾಗಲೆಲ್ಲ ಫಲ ಕೊಟ್ಟಿದೆ. ಪ್ರವೇಶಕ್ಕೆ ವಯಸ್ಸೇ ಸರಿಯಾದ ಅಳತೆ, ಏಕೆಂದರೆ ಅದು ಎಲ್ಲರಿಗೂ ಸಮಾನ ಮತ್ತು ಯಾರೂ ಅದನ್ನು ಪಕ್ಷಪಾತದಿಂದ ಓದಲಾರರು. ಬೋಧನೆಗೆ ವಯಸ್ಸು ತಪ್ಪು ಅಳತೆ, ಏಕೆಂದರೆ ಅದು ಮಗುವಿಗೆ ಏನು ಬರುತ್ತದೆ ಎಂಬುದನ್ನು ಹೇಳುವುದಿಲ್ಲ.

ಇದನ್ನು ಒಪ್ಪಿದರೆ ಕೆಲವು ಕರ್ತವ್ಯಗಳು ಒದಗುತ್ತವೆ. ಪ್ರವೇಶದ ತಿಂಗಳುಗಳ ಬಗೆಗಿನ ಜಗ್ಗಾಟಕ್ಕಿಂತ ಅಂಗನವಾಡಿ ಮತ್ತು ಒಂದನೇ ತರಗತಿಯ ನಡುವಿನ ಕೊಂಡಿಗೆ ಹೆಚ್ಚು ಗಮನ ಬೇಕು. 1975ರಲ್ಲಿ ದೇಶದ ಮೊದಲ 33 ಯೋಜನೆಗಳಲ್ಲೊಂದಾಗಿ ತಿರುಮಕೂಡಲು ನರಸೀಪುರದಲ್ಲಿ ಆರಂಭವಾದ ಅಂಗನವಾಡಿ ವ್ಯವಸ್ಥೆ ಇಂದಿಗೂ ಪೌಷ್ಟಿಕತೆಗೆ ಕೊಟ್ಟಷ್ಟು ಸಮಯವನ್ನು ಮಾತು, ಕಥೆ, ಆಟಗಳಿಗೆ ಕೊಡುತ್ತಿಲ್ಲ. ಕಲಿಕಾ ಏಣಿಯ ತತ್ತ್ವ ಮೂರನೇ ತರಗತಿಗೆ ನಿಲ್ಲದೆ ಕನಿಷ್ಠ ಭಾಷೆ ಮತ್ತು ಗಣಿತಗಳಲ್ಲಿ ಐದರವರೆಗೆ, ದಿನಕ್ಕೊಂದು ಮೀಸಲು ಗಂಟೆಯಾಗಿಯಾದರೂ ಮುಂದುವರಿಯಬೇಕು. ಶಿಕ್ಷಕರ ಕೆಲಸವನ್ನು ಮುಗಿಸಿದ ಪುಟಗಳಿಂದ ಅಳೆಯದೆ ಮಕ್ಕಳು ಏರಿದ ಮೆಟ್ಟಿಲುಗಳಿಂದ ಅಳೆಯುವ ತಪಾಸಣೆ ಬರಬೇಕು, ಏಕೆಂದರೆ ಪಠ್ಯಕ್ರಮ ಮುಗಿಸುವ ಒತ್ತಡ ಇರುವವರೆಗೆ ಯಾವ ತರಬೇತಿಯೂ ಕೋಣೆಯೊಳಗೆ ಉಳಿಯುವುದಿಲ್ಲ. ಬಳ್ಳಾರಿಯ ಗುರುವಿಗೆ ಇದ್ದದ್ದು ಒಂದು ಚಿಕ್ಕ ಮಠ, ಇಂದಿನ ಶಿಕ್ಷಕಿಯ ಎದುರು ಇರುವುದು ಎಲ್ಲ ಜಾತಿ ಭಾಷೆಗಳ ಮಕ್ಕಳು ಬಂದು ಸೇರುವ ಸಾರ್ವಜನಿಕ ಶಾಲೆ. ಆ ಮಕ್ಕಳೆಲ್ಲರನ್ನೂ ಒಟ್ಟಿಗೆ ಕೂರಿಸಿದ್ದು ಆಧುನಿಕ ಶಾಲೆಯ ಸಾಧನೆ; ಒಟ್ಟಿಗೆ ಕೂತ ಮಾತ್ರಕ್ಕೆ ಎಲ್ಲರಿಗೂ ಒಂದೇ ಪುಟವನ್ನು ತೆರೆಯಬೇಕಾಗಿಲ್ಲ ಎಂಬುದನ್ನು ಒಪ್ಪಿ, ಅದಕ್ಕೆ ಬೇಕಾದ ಶಿಕ್ಷಕರು, ಸಮಯ ಮತ್ತು ಸಾಮಗ್ರಿಗಳನ್ನು ಒದಗಿಸುವುದು ಅದರ ಬಾಕಿ ಕೆಲಸ.